ವಿಧಿವಿಜ್ಞಾನ ದಂತವೈದ್ಯಕೀಯ ಸಮ್ಮೇಳನಕ್ಕೆ ಪ್ರಬಂಧ ಮಂಡನೆ: ಅನುಮತಿಯಿಂದ ಪ್ರಶ್ನೋತ್ತರದವರೆಗೆ ಸಮಗ್ರ ಮಾರ್ಗದರ್ಶಿ

ತನಿಖೆ ಮತ್ತು ನ್ಯಾಯಾಲಯದ ನೆರವಿಗಾಗಿ ಹಲ್ಲುಗಳನ್ನು ಪರೀಕ್ಷಿಸುವ ಶಾಸ್ತ್ರವೇ ವಿಧಿವಿಜ್ಞಾನ ದಂತವೈದ್ಯಕೀಯ. ಅದರ ಸಮ್ಮೇಳನಕ್ಕೆ ಕಳುಹಿಸಿದ ಸಾರಾಂಶ ತಿರಸ್ಕೃತವಾಗಿ ಬಂದಾಗ ಅನೇಕರು ತಮ್ಮ ಭಾಷೆಯನ್ನೋ ಪರಿಶೀಲಕರ ಕಟ್ಟುನಿಟ್ಟನ್ನೋ ದೂರುತ್ತಾರೆ. ಹೀಗೆ ಹಿಂದಿರುಗಿದ ಸಾರಾಂಶಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊರತೆಗಳೇ ಬೇರೆ: ಪ್ರಶ್ನೆ ಯಾವುದೆಂದು ತಿಳಿಯುವುದಿಲ್ಲ, ಫಲಿತಾಂಶ ಇರುವುದಿಲ್ಲ, ಅನುಮತಿಯ ಉಲ್ಲೇಖವಿಲ್ಲ, ತೀರ್ಮಾನವು ಸಾಕ್ಷ್ಯವನ್ನು ಮೀರಿ ಮಾತನಾಡುತ್ತದೆ. ಕೆಲಸದ ಕ್ರಮ ತಲೆಕೆಳಗಾಗಿರುವುದೇ ಈ ನಾಲ್ಕಕ್ಕೂ ಮೂಲ. ಮೊದಲು ಸ್ಲೈಡು, ನಂತರ ಸಾರಾಂಶ, ಕೊನೆಗೆ ಅನುಮತಿ ಎಂದು ಹೊರಟವರು ಎಲ್ಲಿಯಾದರೂ ಒಂದು ಕಡೆ ಸಿಕ್ಕಿಬೀಳುತ್ತಾರೆ. ಈ ಮಾರ್ಗದರ್ಶಿಯಲ್ಲಿ ಕ್ರಮವನ್ನು ನೇರ ಮಾಡಿ, ಹಂತಹಂತವಾಗಿ ವಿವರಿಸಲಾಗಿದೆ.

ಮೊದಲ ಬಾರಿಗೆ ಮಂಡಿಸುತ್ತಿರುವ ದಂತವೈದ್ಯರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಶವಾಗಾರ ಮತ್ತು ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ತಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಗುರುತು ಪತ್ತೆ, ವಯಸ್ಸಿನ ಅಂದಾಜು, ಕಚ್ಚಿದ ಗುರುತುಗಳ ಪರಿಶೀಲನೆ ಎಂಬ ಮೂರು ಮುಖ್ಯ ವಿಭಾಗಗಳ ಪರಿಚಯ ಓದುಗರಿಗೆ ಇದೆಯೆಂದು ಭಾವಿಸಲಾಗಿದೆ.

ಆರಂಭಿಸುವ ಮುನ್ನ ಕೈಯಲ್ಲಿರಬೇಕಾದವು

ಸಮ್ಮೇಳನದ ಪ್ರಕಟಿತ ಸೂಚನಾಪತ್ರ, ಅನುಮತಿ ಪತ್ರಗಳ ಪ್ರತಿಗಳು, ಎಕ್ಸ್‌-ರೇ ಮತ್ತು ಛಾಯಾಚಿತ್ರಗಳ ಮೂಲ ಕಡತಗಳು, ಪ್ರತಿ ಅಂಕಣದ ಅರ್ಥವನ್ನು ಬರೆದಿಟ್ಟ ದತ್ತಾಂಶದ ಹಾಳೆ, ಡೈಕಾಮ್ (ವೈದ್ಯಕೀಯ ಚಿತ್ರಗಳ ಪ್ರಮಾಣಿತ ರೂಪ) ಕಡತಗಳನ್ನು ತೆರೆಯಬಲ್ಲ ತಂತ್ರಾಂಶ, ಮತ್ತು ಸಂಖ್ಯಾಶಾಸ್ತ್ರ ಬಲ್ಲ ಒಬ್ಬ ಸಹೋದ್ಯೋಗಿ ಬೇಕು. ಈ ಕೊನೆಯವರನ್ನು ದತ್ತಾಂಶ ಸಂಗ್ರಹಕ್ಕೆ ಮೊದಲೇ ಭೇಟಿ ಮಾಡಬೇಕು. ಎಲ್ಲ ಮುಗಿದ ಮೇಲೆ ಹಾಳೆಯನ್ನು ಅವರ ಮುಂದಿಟ್ಟರೆ, ಆಗಿಹೋದ ತಪ್ಪನ್ನು ಗುರುತಿಸುವುದರ ಹೊರತು ಅವರಿಂದ ಹೆಚ್ಚೇನೂ ಆಗುವುದಿಲ್ಲ.

ಹಂತ 1: ಸೂಚನಾಪತ್ರವನ್ನು ನಿಯಮಾವಳಿಯಂತೆ ಓದುವುದು

ಸಮ್ಮೇಳನದ ದಿನಾಂಕಕ್ಕಿಂತ ಸಾರಾಂಶ ಸಲ್ಲಿಕೆಯ ಕೊನೆಯ ದಿನಾಂಕ ನಿಮಗೆ ಮುಖ್ಯ. ದೊಡ್ಡ ಸಮ್ಮೇಳನಗಳಲ್ಲಿ ಈ ಎರಡರ ನಡುವೆ ಅರ್ಧ ವರ್ಷದ ಅಂತರವಿರುವುದು ಸಾಮಾನ್ಯ. ದಂತವಿಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗವಿರುವ ಅಮೆರಿಕನ್ ಅಕಾಡೆಮಿ ಆಫ್ ಫೊರೆನ್ಸಿಕ್ ಸೈನ್ಸಸ್ ಸಂಸ್ಥೆಯ ವಾರ್ಷಿಕ ಸಮ್ಮೇಳನ ಫೆಬ್ರವರಿಯಲ್ಲಿ ನಡೆಯುತ್ತದೆ. ಅದಕ್ಕೆ ಸಾರಾಂಶಗಳನ್ನು ಹಿಂದಿನ ವರ್ಷ ಅಮೆರಿಕದ ಬೇಸಿಗೆಯಲ್ಲೇ ಕಳುಹಿಸಿರಬೇಕಾಗುತ್ತದೆ. ಅಂತರರಾಷ್ಟ್ರೀಯ ವಿಧಿವಿಜ್ಞಾನ ಸಂಘದ ಸಮ್ಮೇಳನ ಮೂರು ವರ್ಷಕ್ಕೊಮ್ಮೆ ನಡೆಯುವಂಥದ್ದು. ಅದನ್ನು ತಪ್ಪಿಸಿಕೊಂಡರೆ ಕಾಯುವಿಕೆ ದೀರ್ಘವಾಗುತ್ತದೆ.

ಓದುವಾಗ ಐದು ಸಂಗತಿಗಳನ್ನು ಗುರುತು ಹಾಕಿಕೊಳ್ಳಿ: ಪದಮಿತಿ, ಕೊನೆಯ ಗಳಿಗೆ ಯಾವ ದೇಶದ ಸಮಯಕ್ಕೆ ಅನುಸಾರ ಎಂಬುದು, ಲೇಖಕರ ಹೆಸರು ಮರೆಸಿ ಪರಿಶೀಲನೆ ನಡೆಯುತ್ತದೆಯೇ, ಬೇರೆಡೆ ಮಂಡಿಸಿದ ಅಥವಾ ಪ್ರಕಟವಾದ ಕೆಲಸಕ್ಕೆ ಅವಕಾಶವಿದೆಯೇ, ಮಂಡಿಸುವವರು ಇಂತಿಷ್ಟು ದಿನದೊಳಗೆ ನೋಂದಣಿ ಶುಲ್ಕ ಕಟ್ಟಲೇಬೇಕೆಂಬ ಷರತ್ತಿದೆಯೇ. ಕೊನೆಯದನ್ನು ಮರೆತು, ಸ್ವೀಕೃತವಾದ ಪ್ರಬಂಧ ಕಾರ್ಯಕ್ರಮ ಪಟ್ಟಿಯಿಂದ ಬಿಟ್ಟುಹೋದ ಸಂದರ್ಭಗಳು ಕಡಿಮೆಯೇನಲ್ಲ.

ಸಮ್ಮೇಳನದ ನೈಜತೆಯನ್ನೂ ಇಲ್ಲೇ ಪರೀಕ್ಷಿಸಿ. ವೈಜ್ಞಾನಿಕ ಸಮಿತಿಯ ಹೆಸರುಗಳಿಲ್ಲದಿರುವುದು, ಸಾರಾಂಶ ಕಳುಹಿಸಿದ ಮರುದಿನವೇ ಸ್ವೀಕೃತಿ ಬರುವುದು, ದಂತವಿಜ್ಞಾನದಿಂದ ಹಿಡಿದು ಕೃಷಿಯವರೆಗೆ ಎಲ್ಲ ವಿಷಯಗಳಿಗೂ ಒಂದೇ ವೇದಿಕೆ ಇರುವುದು, ನಿಮ್ಮನ್ನು ಪರಿಚಯವೇ ಇಲ್ಲದವರು ಅತಿಯಾಗಿ ಹೊಗಳಿ ಆಹ್ವಾನಿಸುವುದು: ಇವು ಶುಲ್ಕಕ್ಕಾಗಿಯೇ ನಡೆಯುವ ಸಮ್ಮೇಳನದ ಲಕ್ಷಣಗಳು.

ಹಂತ 2: ಅನುಮತಿಗಳನ್ನು ಪಡೆಯುವುದು

ಈ ಕ್ಷೇತ್ರದಲ್ಲಿ ಕೆಲಸ ನಿಲ್ಲುವುದು ಬಹುತೇಕ ಇಲ್ಲಿಯೇ. ಅನುಮತಿ ಎಂಬುದು ಒಂದೇ ಕಾಗದವೆಂದು ಭಾವಿಸುವುದರಿಂದ ತೊಂದರೆ ಹುಟ್ಟುತ್ತದೆ; ವಾಸ್ತವದಲ್ಲಿ ಅದು ಮೂರು ಬೇರೆ ಬೇರೆ ಕಡೆಗಳಿಂದ ಬರಬೇಕಾದದ್ದು.

ಮೊದಲನೆಯದು ಸಂಸ್ಥೆಯ ನೈತಿಕ ಸಮಿತಿಯದು. ಹಳೆಯ ಎಕ್ಸ್‌-ರೇಗಳನ್ನು ಮಾತ್ರ ಬಳಸುವ ಅಧ್ಯಯನಕ್ಕೆ ಸಮಿತಿ ವಿನಾಯಿತಿ ಕೊಡಬಹುದು. ಆದರೆ ವಿನಾಯಿತಿಯನ್ನು ಕೊಡಬೇಕಾದದ್ದು ಸಮಿತಿ, ಸಂಶೋಧಕರು ತಮಗೆ ತಾವೇ ಕೊಟ್ಟುಕೊಳ್ಳುವಂತಿಲ್ಲ. ವಿನಾಯಿತಿ ಪತ್ರಕ್ಕೂ ಸಂಖ್ಯೆ ಮತ್ತು ದಿನಾಂಕ ಇರುತ್ತದೆ, ಅದನ್ನು ಸಾರಾಂಶದಲ್ಲಿ ಕಾಣಿಸಬೇಕು. ಒಂದೊಂದೇ ಪ್ರಕರಣದ ವರದಿಗೆ ಸಮಿತಿಯ ಒಪ್ಪಿಗೆ ಬೇಕೋ ಬೇಡವೋ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುವುದರಿಂದ, ಬೇಡ ಎನ್ನುವ ಉತ್ತರವನ್ನೂ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು ಪ್ರಕರಣದ ಮೇಲೆ ಅಧಿಕಾರವಿರುವವರದು, ಅಂದರೆ ತನಿಖಾ ಸಂಸ್ಥೆ, ಮರಣ ವಿಚಾರಣಾಧಿಕಾರಿ ಅಥವಾ ನ್ಯಾಯಾಲಯ. ತಜ್ಞರಾಗಿ ಪರೀಕ್ಷೆ ಮಾಡಿಕೊಟ್ಟ ಮಾತ್ರಕ್ಕೆ ಆ ಚಿತ್ರಗಳು ನಿಮ್ಮ ಸ್ವತ್ತಾಗುವುದಿಲ್ಲ. ವಿಚಾರಣೆ ಇನ್ನೂ ಬಾಕಿಯಿರುವ ಅಥವಾ ಮೇಲ್ಮನವಿಯ ಹಂತದಲ್ಲಿರುವ ಪ್ರಕರಣವನ್ನು ವೇದಿಕೆಗೆ ಒಯ್ಯದಿರುವುದೇ ಒಳ್ಳೆಯದು. ಸಾಮೂಹಿಕ ದುರಂತಗಳಲ್ಲಿ ಹಲವು ತಂಡಗಳು ಒಟ್ಟಾಗಿ ಕೆಲಸ ಮಾಡಿರುತ್ತವೆ. ಅಂಥ ಕಡೆ ದಂತ ತಂಡವೊಂದರ ಒಪ್ಪಿಗೆ ಸಾಲುವುದಿಲ್ಲ. ಕಾರ್ಯಾಚರಣೆಯ ಮುಖ್ಯಸ್ಥರ ಅನುಮತಿ ಬೇಕು.

ಮೂರನೆಯದು ವ್ಯಕ್ತಿಯ ಅಥವಾ ಕುಟುಂಬದ ಒಪ್ಪಿಗೆ. ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಪ್ರಕಟಣೆಗೆ ಅನ್ವಯಿಸುವುದಿಲ್ಲ. ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮಾವಳಿಯಂಥ ಕಾನೂನುಗಳು ಮೃತರಿಗೆ ಅನ್ವಯಿಸದಿದ್ದರೂ, ನೈತಿಕ ಹೊಣೆ ಕಾನೂನಿನೊಂದಿಗೆ ಮುಗಿಯುವುದಿಲ್ಲ. ಮೃತರ ಬಂಧುಗಳು ಒಂದು ದಿನ ಆ ಚಿತ್ರವನ್ನು ನೋಡಬಹುದು. ಬದುಕಿರುವವರ ವಿಷಯದಲ್ಲಿ, ಮುಖ್ಯವಾಗಿ ಕಚ್ಚಿದ ಗಾಯಗಳಿರುವ ಸಂತ್ರಸ್ತರು ಮತ್ತು ವಯಸ್ಸಿನ ಪರೀಕ್ಷೆಗೆ ಒಳಗಾದ ಅಪ್ರಾಪ್ತರ ವಿಷಯದಲ್ಲಿ, ಒಪ್ಪಿಗೆಯ ಭಾಷೆ ಅವರಿಗೆ ಅರ್ಥವಾಗಿತ್ತೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಸಹಲೇಖಕರ ಪಟ್ಟಿಯನ್ನೂ ಅದರ ಕ್ರಮವನ್ನೂ ಈ ಹಂತದಲ್ಲೇ ಇತ್ಯರ್ಥ ಮಾಡಿ, ಮಿಂಚಂಚೆಯಲ್ಲಿ ಎಲ್ಲರ ಸಮ್ಮತಿ ಪಡೆಯಿರಿ. ಸ್ವೀಕೃತಿ ಬಂದ ಮೇಲೆ ಹೆಸರು ಸೇರಿಸುವ ಮಾತು ಬಂದರೆ ಅದು ಜಗಳವಾಗಿಯೇ ಮುಗಿಯುತ್ತದೆ.

ಎಚ್ಚರಿಕೆಯ ಲಕ್ಷಣ: “ಅನುಮತಿ ಪ್ರಕ್ರಿಯೆಯಲ್ಲಿದೆ” ಎಂದು ಸಾರಾಂಶದಲ್ಲಿ ಬರೆಯುವ ಪರಿಸ್ಥಿತಿ ಬಂದಿದ್ದರೆ, ಈ ವರ್ಷದ ಸಮ್ಮೇಳನವನ್ನು ಬಿಟ್ಟು ಮುಂದಿನದಕ್ಕೆ ಸಿದ್ಧರಾಗಿ.

ಹಂತ 3: ಒಂದೇ ಪ್ರಶ್ನೆ, ತಕ್ಕ ಪ್ರಕಾರ

ಮಂಡನೆಯ ತಿರುಳನ್ನು ಪ್ರಶ್ನಾರ್ಥಕ ಚಿಹ್ನೆಯಿರುವ ಒಂದೇ ವಾಕ್ಯದಲ್ಲಿ ಬರೆಯಿರಿ. “ವಯಸ್ಸಿನ ಅಂದಾಜಿನಲ್ಲಿ ಹಲ್ಲುಗಳ ಪಾತ್ರ” ಎಂಬುದು ಪಠ್ಯಪುಸ್ತಕದ ಅಧ್ಯಾಯದ ಹೆಸರು, ಪ್ರಶ್ನೆಯಲ್ಲ. “ಕೆಳದವಡೆಯ ಬುದ್ಧಿಹಲ್ಲಿನ ಬೇರಿನ ಬೆಳವಣಿಗೆಯನ್ನು ಆಧರಿಸಿ, ಈ ಜನಸಮುದಾಯದಲ್ಲಿ 18 ವರ್ಷ ಮೀರಿದವರನ್ನು ಎಷ್ಟು ನಿಖರವಾಗಿ ಬೇರ್ಪಡಿಸಬಹುದು?” ಎಂಬುದು ಪ್ರಶ್ನೆ. ವಾಕ್ಯದಲ್ಲಿ “ಮತ್ತು” ಎರಡು ಬಾರಿ ಬಂದಿದ್ದರೆ ನಿಮ್ಮ ಕೈಯಲ್ಲಿ ಎರಡು ಮಂಡನೆಗಳಿವೆ ಎಂದರ್ಥ.

ಪ್ರಕರಣ ವರದಿಯಾದರೆ, ಕೇಳುಗರು ಮರುದಿನ ತಮ್ಮ ಶವಾಗಾರದಲ್ಲಿ ಬೇರೆ ರೀತಿಯಲ್ಲಿ ಏನು ಮಾಡಬಹುದು ಎಂಬುದಕ್ಕೆ ಅದು ಉತ್ತರಿಸಬೇಕು. ಪ್ರಕರಣ ಅಪರೂಪದ್ದು ಎಂಬುದಷ್ಟೇ ಸಾಲದು. ಹಲ್ಲುಗಳಿಂದ ಗುರುತು ಪತ್ತೆಯಾಯಿತು ಎಂಬ ಸುದ್ದಿಯೂ ಹೊಸದೇನಲ್ಲ, ಏಕೆಂದರೆ ದುರಂತದ ಮೃತರನ್ನು ಗುರುತಿಸುವ ಇಂಟರ್‌ಪೋಲ್‌ನ ಮಾರ್ಗಸೂಚಿಯಲ್ಲಿ ಬೆರಳಚ್ಚು, ಡಿಎನ್‌ಎಗಳ ಜೊತೆಗೆ ಹಲ್ಲುಗಳ ಹೋಲಿಕೆಯೂ ಪ್ರಾಥಮಿಕ ವಿಧಾನವೆಂದೇ ಸ್ಥಾಪಿತವಾಗಿದೆ. ಮರಣಪೂರ್ವ ದಾಖಲೆ ಕಳಪೆಯಾಗಿದ್ದಾಗ ಏನು ಮಾಡಿದಿರಿ, ಸುಟ್ಟು ಪುಡಿಯಾಗುವ ಸ್ಥಿತಿಯಲ್ಲಿದ್ದ ಹಲ್ಲುಗಳನ್ನು ಹೇಗೆ ಸಾಗಿಸಿದಿರಿ, ದಾಖಲೆಯಲ್ಲಿದ್ದ ತಪ್ಪನ್ನು ಹೇಗೆ ಪತ್ತೆ ಹಚ್ಚಿದಿರಿ ಎಂಬಂಥ ವಿವರಗಳಿಗೆ ಬೆಲೆಯಿದೆ.

ಕಚ್ಚಿದ ಗುರುತುಗಳ ಬಗ್ಗೆ ಮಂಡಿಸುವವರಿಗೆ ವಿಶೇಷ ಎಚ್ಚರಿಕೆ ಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2009ರ ವರದಿ, ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯ 2016ರ ವರದಿ, ಬಳಿಕ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ನಡೆಸಿದ ಪರಾಮರ್ಶೆ, ಈ ಮೂರೂ ಈ ವಿಧಾನದ ವೈಜ್ಞಾನಿಕ ತಳಹದಿಯನ್ನು ಗಂಭೀರವಾಗಿ ಪ್ರಶ್ನಿಸಿವೆ. ಮನುಷ್ಯರ ಹಲ್ಲುಗಳ ವಿನ್ಯಾಸ ಅನನ್ಯ, ಅದು ಚರ್ಮದ ಮೇಲೆ ಯಥಾವತ್ತಾಗಿ ಮೂಡುತ್ತದೆ, ತಜ್ಞರು ಅದನ್ನು ವಿಶ್ವಾಸಾರ್ಹವಾಗಿ ಓದಬಲ್ಲರು ಎಂಬ ಮೂರು ಊಹೆಗಳೇ ವಿವಾದದ ಕೇಂದ್ರ. ಇವನ್ನು ಸಿದ್ಧ ಸತ್ಯವೆಂದು ಹಿಡಿದು “ಈ ಗುರುತು ಇವನದೇ” ಎಂದು ಹೇಳುವ ಮಂಡನೆಯನ್ನು ಇಂದು ಜವಾಬ್ದಾರಿಯುತ ಸಮಿತಿ ಸ್ವೀಕರಿಸುವುದು ಕಷ್ಟ. ಅದೇ ವಿಷಯದಲ್ಲಿ ಗಾಯದ ಛಾಯಾಗ್ರಹಣ, ಲಾಲಾರಸದಿಂದ ಡಿಎನ್‌ಎ ಸಂಗ್ರಹ, ಪರೀಕ್ಷಕರ ನಡುವಿನ ಭಿನ್ನಾಭಿಪ್ರಾಯದ ಅಳತೆ ಮುಂತಾದವುಗಳಿಗೆ ಅವಕಾಶ ಮುಕ್ತವಾಗಿಯೇ ಇದೆ.

ಮೌಖಿಕ ಮಂಡನೆಯೋ ಪೋಸ್ಟರೋ ಎಂಬ ಆಯ್ಕೆ ಪ್ರತಿಷ್ಠೆಯ ಪ್ರಶ್ನೆಯಾಗಬಾರದು. ಕಾಲಕ್ರಮದಲ್ಲಿ ಬಿಡಿಸಿ ಹೇಳಬೇಕಾದ ಪ್ರಕರಣ ಮಾತಿಗೆ ಒಗ್ಗುತ್ತದೆ. ಹತ್ತಿರ ನಿಂತು ನೋಡಬೇಕಾದ ಎಕ್ಸ್‌-ರೇಗಳೂ ಕೋಷ್ಟಕಗಳೂ ತುಂಬಿದ ಅಧ್ಯಯನ ಪೋಸ್ಟರ್‌ನಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಹಂತ 4: ಸಾರಾಂಶಕ್ಕೆ ಮೊದಲು ಅಂಕಿಅಂಶಗಳನ್ನು ಖಚಿತಪಡಿಸುವುದು

ದತ್ತಾಂಶದ ಹಾಳೆಯನ್ನು ಒಂದು ದಿನಾಂಕಕ್ಕೆ ಮುಚ್ಚಿ, ಆ ಪ್ರತಿಯನ್ನು ಬದಲಾಯಿಸದಂತೆ ಪ್ರತ್ಯೇಕವಾಗಿಡಿ. ಸಾರಾಂಶದಲ್ಲಿರುವ ಮಾದರಿ ಸಂಖ್ಯೆ ಒಂದು, ಸ್ಲೈಡಿನಲ್ಲಿರುವುದು ಇನ್ನೊಂದು ಆದಾಗ, ಸಭೆಯಲ್ಲಿ ಮೊದಲ ಪ್ರಶ್ನೆಯೇ ಅದರ ಬಗ್ಗೆ ಬರುತ್ತದೆ.

ವಯಸ್ಸಿನ ಅಂದಾಜಿನ ಅಧ್ಯಯನಗಳಲ್ಲಿ ಪದೇ ಪದೇ ಕಾಣುವ ತಪ್ಪು, ಸಹಸಂಬಂಧದ ಗುಣಾಂಕವೊಂದನ್ನೇ (ಎರಡು ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ಮುಂದಿಟ್ಟು ವಿಧಾನ ನಿಖರವೆನ್ನುವುದು. ಅಂದಾಜು ವಯಸ್ಸು ಪ್ರತಿಯೊಬ್ಬರಲ್ಲೂ ಎರಡು ವರ್ಷ ಹೆಚ್ಚಾಗಿ ಬಂದರೂ ಸಹಸಂಬಂಧ ಪರಿಪೂರ್ಣವಾಗಿಯೇ ಇರಬಲ್ಲದು. ಆದ್ದರಿಂದ ಅಂದಾಜು ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು ತೋರಿಸುವ ಸರಾಸರಿ ವ್ಯತ್ಯಾಸವನ್ನೂ, ಧನಋಣಗಳನ್ನು ಬಿಟ್ಟು ಲೆಕ್ಕಹಾಕಿದ ಸರಾಸರಿ ದೋಷವನ್ನೂ, ವಯೋಗುಂಪುವಾರು ವಿವರದೊಂದಿಗೆ ಕೊಡಬೇಕು. 18 ವರ್ಷದ ಗಡಿಯ ಪ್ರಶ್ನೆಯಾದರೆ ಎರಡೂ ಬಗೆಯ ತಪ್ಪುಗಳನ್ನು ಬೇರೆಬೇರೆಯಾಗಿ ತಿಳಿಸುವುದು ಕಡ್ಡಾಯ. ಮಗುವನ್ನು ವಯಸ್ಕನೆಂದು ಎಣಿಸುವ ತಪ್ಪಿನ ಪರಿಣಾಮ ಅದರ ವಿರುದ್ಧದ ತಪ್ಪಿಗಿಂತ ತೀರಾ ಬೇರೆಯಾದದ್ದು.

ಮಾದರಿಯಲ್ಲಿ ವಯಸ್ಸುಗಳ ಹಂಚಿಕೆ ಹೇಗಿದೆ ಎಂಬುದನ್ನು ಕೋಷ್ಟಕದಲ್ಲಿ ತೋರಿಸಿ. ಒಂದೇ ವಯೋಗುಂಪಿನವರು ತುಂಬಿಕೊಂಡ ಮಾದರಿಯಿಂದ ಕಟ್ಟಿದ ಸೂತ್ರವು ಅಂದಾಜನ್ನು ಆ ಗುಂಪಿನ ಕಡೆಗೇ ಎಳೆಯುತ್ತದೆ: ಚಿಕ್ಕವರು ದೊಡ್ಡವರಂತೆ, ದೊಡ್ಡವರು ಚಿಕ್ಕವರಂತೆ ಕಾಣುತ್ತಾರೆ. ಸೂತ್ರ ಕಟ್ಟಲು ಬಳಸಿದ ಎಕ್ಸ್‌-ರೇಗಳ ಮೇಲೆಯೇ ಅದನ್ನು ಪರೀಕ್ಷಿಸಿ ನಿಖರತೆ ಘೋಷಿಸುವುದು ಇನ್ನೊಂದು ಸಾಮಾನ್ಯ ದೋಷ. ಹಲ್ಲುಗಳ ಬೆಳವಣಿಗೆಯ ಹಂತಗಳಿಂದ ವಯಸ್ಸು ಅಂದಾಜಿಸುವ, 1973ರಲ್ಲಿ ಪ್ರಕಟವಾದ ಡೆಮಿರ್ಜಿಯನ್ ವಿಧಾನದಂಥ ಹಳೆಯ ವಿಧಾನವನ್ನು ಹೊಸ ಜನಸಮುದಾಯದಲ್ಲಿ ಪರೀಕ್ಷಿಸುವವರು, ಅದು ಫ್ರೆಂಚ್-ಕೆನಡಿಯನ್ ಮಕ್ಕಳ ಎಡ ಕೆಳದವಡೆಯ ಏಳು ಹಲ್ಲುಗಳನ್ನು ಆಧರಿಸಿದ್ದೆಂಬುದನ್ನೂ, ಅನೇಕ ಸಮುದಾಯಗಳಲ್ಲಿ ಅದು ವಯಸ್ಸನ್ನು ಹೆಚ್ಚಾಗಿ ತೋರಿಸುವುದು ಈಗಾಗಲೇ ತಿಳಿದ ವಿಷಯವೆಂಬುದನ್ನೂ ಗಮನಿಸಿ, ತಮ್ಮ ಅಧ್ಯಯನ ಅದಕ್ಕೆ ಹೊಸದಾಗಿ ಏನು ಸೇರಿಸುತ್ತದೆಂದು ಹೇಳಬೇಕು.

ಪರೀಕ್ಷಕರ ವಿಷಯ: ಎಷ್ಟು ಮಂದಿ ಓದಿದರು, ನಿಜವಾದ ವಯಸ್ಸು ಅವರಿಗೆ ತಿಳಿದಿತ್ತೇ, ಅದೇ ಚಿತ್ರಗಳನ್ನು ಎಷ್ಟು ಕಾಲದ ನಂತರ ಮತ್ತೆ ಓದಿದರು ಎಂಬುದನ್ನು ದಾಖಲಿಸಿ. ಈ ಓದುಗಳು ಪರಸ್ಪರ ಎಷ್ಟು ಹೊಂದುತ್ತವೆಂದು ಅಳೆಯಲು, ಹಂತಗಳಾಗಿ ವಿಂಗಡಿಸುವ ವಿಧಾನಕ್ಕೆ ಕಪ್ಪಾ ಮೌಲ್ಯವೂ, ಅಳತೆಗಳಿಗೆ ಇಂಟ್ರಾಕ್ಲಾಸ್ ಗುಣಾಂಕವೂ ರೂಢಿಯಲ್ಲಿವೆ. ಇವಿಲ್ಲದ ಅಧ್ಯಯನವನ್ನು ಮೌಖಿಕ ಮಂಡನೆಗೆ ಆರಿಸಲು ಪರಿಶೀಲಕರು ಹಿಂಜರಿಯುತ್ತಾರೆ.

ಗುರುತು ಪತ್ತೆಯ ಪ್ರಕರಣಗಳಲ್ಲಿ ಅಂಕಿಗಳ ಜಾಗದಲ್ಲಿ ತರ್ಕವಿರುತ್ತದೆ. ಇಷ್ಟು ಅಂಶಗಳು ಹೊಂದಿದರೆ ಗುರುತು ಖಚಿತ ಎಂಬ ಸರ್ವಸಮ್ಮತ ಕನಿಷ್ಠ ಸಂಖ್ಯೆ ಹಲ್ಲುಗಳ ಹೋಲಿಕೆಯಲ್ಲಿಲ್ಲ. ವಿಶಿಷ್ಟವಾದ ರೂಟ್ ಕೆನಾಲ್ ಚಿಕಿತ್ಸೆಯಿರುವ ಒಂದೇ ಹಲ್ಲು ಕೆಲವೊಮ್ಮೆ ಸಾಕಾಗುತ್ತದೆ. ಹೀಗಾಗಿ ಹೊಂದುವ ಅಂಶಗಳನ್ನು ಎಣಿಸುವುದಕ್ಕಿಂತ ಹೊಂದದವುಗಳನ್ನು ವಿವರಿಸುವುದು ಹೆಚ್ಚು ಮುಖ್ಯ. ಮರಣಪೂರ್ವ ಚಿತ್ರದಲ್ಲಿರುವ ಹಲ್ಲು ಮರಣೋತ್ತರದಲ್ಲಿ ಇಲ್ಲವೆಂದರೆ, ನಡುವೆ ಕೀಳಿಸಿರಬಹುದು ಎಂಬ ವಿವರಣೆ ಸಾಧ್ಯ. ಕೀಳಿಸಲಾಗಿದೆ ಎಂದು ದಾಖಲಾದ ಹಲ್ಲು ಮೃತದೇಹದಲ್ಲಿ ಕಂಡರೆ, ದಾಖಲೆಯೇ ತಪ್ಪೆಂದು ತೋರಿಸಲಾಗದಿದ್ದಲ್ಲಿ ಅದು ಬೇರೆಯವರ ದೇಹ. ತೀರ್ಮಾನವನ್ನು, ಅದರ ಖಚಿತತೆಯನ್ನು ಹಂತಹಂತವಾಗಿ ಸೂಚಿಸಲು ನಿಮ್ಮ ಸಂಸ್ಥೆ ಅನುಸರಿಸುವ ಮಾನ್ಯ ಶ್ರೇಣಿಯ ಪದಗಳಲ್ಲೇ ಹೇಳಿ. “ನೂರಕ್ಕೆ ನೂರು ಹೊಂದಿಕೆ” ಎಂಬ ಮಾತಿಗೆ ಅಂಥ ಯಾವ ಶ್ರೇಣಿಯಲ್ಲೂ ಜಾಗವಿಲ್ಲ.

ಹಲ್ಲಿನ ಸಂಖ್ಯಾ ಪದ್ಧತಿಯನ್ನು ಮೊದಲೇ ಘೋಷಿಸಿ. ಅಂತರರಾಷ್ಟ್ರೀಯ ಎರಡಂಕಿ ಪದ್ಧತಿಯಲ್ಲಿ 16 ಎಂದರೆ ಮೇಲ್ದವಡೆಯ ಬಲಭಾಗದ ಮೊದಲ ದವಡೆಹಲ್ಲು. ಅಮೆರಿಕದಲ್ಲಿ ಬಳಕೆಯಲ್ಲಿರುವ 1ರಿಂದ 32ರ ಪದ್ಧತಿಯಲ್ಲಿ ಅದೇ 16 ಮೇಲ್ದವಡೆಯ ಎಡ ಬುದ್ಧಿಹಲ್ಲು. ಎರಡೂ ಪದ್ಧತಿ ಬಳಸುವವರು ಕುಳಿತಿರುವ ಸಭಾಂಗಣದಲ್ಲಿ ಈ ಗೊಂದಲ ನಿಮ್ಮ ಇಡೀ ವಾದವನ್ನು ಹಾಳುಮಾಡಬಲ್ಲದು.

ಹಂತ 5: ಸಾರಾಂಶ ಬರೆಯುವುದು

ಬರೆಯುವ ಕ್ರಮ ಓದುವ ಕ್ರಮಕ್ಕಿಂತ ಬೇರೆ. ಮೊದಲು ಫಲಿತಾಂಶದ ವಾಕ್ಯಗಳನ್ನು ಬರೆಯಿರಿ, ಬಳಿಕ ಆ ಫಲಿತಾಂಶ ಹೇಗೆ ಬಂತೆಂಬ ವಿಧಾನ, ಆಮೇಲೆ ಉದ್ದೇಶ, ಅನಂತರ ತೀರ್ಮಾನ, ಕಟ್ಟಕಡೆಗೆ ಹಿನ್ನೆಲೆ. ಹಿನ್ನೆಲೆಯಿಂದ ಆರಂಭಿಸಿದವರು 300 ಪದಗಳಲ್ಲಿ ಅರ್ಧವನ್ನು ಹಲ್ಲುಗಳು ದೇಹದ ಅತಿ ಗಟ್ಟಿ ಭಾಗ ಎಂದು ಆ ವಿಷಯ ಬಲ್ಲವರಿಗೇ ತಿಳಿಸಲು ಖರ್ಚು ಮಾಡಿಬಿಡುತ್ತಾರೆ. ಹಿನ್ನೆಲೆಗೆ ಎರಡು ವಾಕ್ಯ ಸಾಕು.

“ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು” ಎಂಬ ವಾಕ್ಯ ಸಾರಾಂಶವನ್ನು ತಿರಸ್ಕಾರದ ಕಡೆಗೆ ತಳ್ಳುವ ಅತಿ ಸುಲಭದ ದಾರಿ. “ಉತ್ತಮ ನಿಖರತೆ ಕಂಡುಬಂದಿದೆ” ಎಂಬುದೂ ಅದರ ತಮ್ಮನೇ. ಎಷ್ಟು ಚಿತ್ರಗಳು, ಯಾವ ವಯಸ್ಸಿನವು, ದೋಷ ಎಷ್ಟು, ವಿಶ್ವಾಸಾಂತರ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಎಷ್ಟು ಎಂಬ ನಾಲ್ಕು ಸಂಗತಿಗಳು ಸಂಖ್ಯೆಗಳಾಗಿ ಇರಬೇಕು. ಪ್ರಕರಣ ವರದಿಯಲ್ಲಿ ಸಂಖ್ಯೆಗಳಿಗೆ ಬದಲಾಗಿ ದೇಹದ ಸ್ಥಿತಿ, ದೊರೆತ ಮರಣಪೂರ್ವ ದಾಖಲೆಗಳ ಬಗೆ, ನಿರ್ಣಾಯಕವಾದ ಲಕ್ಷಣ, ಎದುರಾದ ವ್ಯತ್ಯಾಸ ಮತ್ತು ಅದರ ವಿವರಣೆ ಬರಬೇಕು.

ಶೀರ್ಷಿಕೆಯಲ್ಲಿ ವಿಧಾನ, ವಸ್ತು, ಅಧ್ಯಯನದ ಬಗೆ ಈ ಮೂರೂ ಕಾಣಲಿ. ಪತ್ರಿಕೆಯ ತಲೆಬರಹದಂಥ ನಾಟಕೀಯತೆ ಮೃತರ ವಿಷಯದಲ್ಲಿ ಸಲ್ಲದು. ಚಮತ್ಕಾರದ ಮಾತಂತೂ ಬೇಡವೇ ಬೇಡ. ಊರು, ಘಟನೆ, ದಿನಾಂಕ ಸೂಚಿಸುವ ಪದಗಳು ಶೀರ್ಷಿಕೆಯಲ್ಲಿದ್ದರೆ ಮುಂದೆ ಚಿತ್ರಗಳಲ್ಲಿ ಎಷ್ಟೇ ಗುರುತು ಮರೆಸಿದರೂ ಪ್ರಯೋಜನವಾಗುವುದಿಲ್ಲ.

ತೀರ್ಮಾನದ ವಾಕ್ಯವನ್ನು ಬರೆದ ಮೇಲೆ, ಅದರ ಪ್ರತಿ ಪದಕ್ಕೂ ಫಲಿತಾಂಶದಲ್ಲಿ ಆಧಾರವಿದೆಯೇ ಎಂದು ಬೆರಳಿಟ್ಟು ನೋಡಿ. ಒಂದೇ ಆಸ್ಪತ್ರೆಯ ಚಿತ್ರಗಳಿಂದ ಇಡೀ ಜನಸಮುದಾಯದ ಬಗ್ಗೆ ಮಾತನಾಡಿದ್ದರೆ ಅಲ್ಲೇ ತಿದ್ದಿ. ಬಳಿಕ ಈ ವಿಷಯಕ್ಕೆ ಸಂಬಂಧವಿಲ್ಲದ ಒಬ್ಬ ದಂತವೈದ್ಯರಿಗೆ ಕೊಟ್ಟು, ಓದಿದ ಮೇಲೆ ಪ್ರಶ್ನೆಯನ್ನೂ ಉತ್ತರವನ್ನೂ ಅವರ ಮಾತಿನಲ್ಲಿ ಹೇಳಲು ಕೇಳಿ. ಅವರು ತಡವರಿಸಿದರೆ ತಪ್ಪು ಸಾರಾಂಶದ್ದು.

ಹಂತ 6: ಸಲ್ಲಿಕೆ

ಕೊನೆಯ ದಿನಕ್ಕಿಂತ ಮೊದಲೇ ಸಲ್ಲಿಸಿ. ಹೆಸರು ಮರೆಸಿದ ಪರಿಶೀಲನೆಯಿದ್ದರೆ ಪಠ್ಯದಿಂದ ಸಂಸ್ಥೆಯ ಹೆಸರನ್ನು ತೆಗೆಯುವುದರ ಜೊತೆಗೆ ಕಡತದ ಗುಣಲಕ್ಷಣಗಳಲ್ಲಿ ಅಡಗಿರುವ ಲೇಖಕರ ಹೆಸರನ್ನೂ ಅಳಿಸಬೇಕು. ಆರ್ಥಿಕ ಹಿತಾಸಕ್ತಿಯ ಘೋಷಣೆಯಲ್ಲಿ, ನೀವು ಪರೀಕ್ಷಿಸಿದ ತಂತ್ರಾಂಶವನ್ನು ಅದರ ತಯಾರಕರೇ ಉಚಿತವಾಗಿ ಕೊಟ್ಟಿದ್ದರೆ ಅದನ್ನೂ ನಮೂದಿಸಿ. ಸ್ವೀಕೃತಿಯ ಸಂಖ್ಯೆಯನ್ನು ಜೋಪಾನವಾಗಿಡಿ.

ಹಂತ 7: ಚಿತ್ರಗಳಲ್ಲಿ ಗುರುತು ಮರೆಸುವುದು

ಈ ಕೆಲಸ ಸ್ಲೈಡ್ ತಯಾರಿಕೆಗೆ ಮೊದಲು, ಚಿತ್ರದ ಮೂಲ ಕಡತದ ಪ್ರತಿಯ ಮೇಲೆ ನಡೆಯಬೇಕು. ಸ್ಲೈಡ್ ಆದ ಮೇಲೆ ಮಾಡುವ ಮರೆಮಾಚುವಿಕೆ ತೋರಿಕೆಯದಷ್ಟೇ ಆಗಿರುತ್ತದೆ.

ಹೆಸರಿನ ಮೇಲೆ ಕಪ್ಪು ಆಯತ ಎಳೆದರೆ ಅದು ಕೇವಲ ಮುಚ್ಚಳ. ಕಡತ ಯಾರ ಕೈಗೆ ಸಿಕ್ಕರೂ ಅವರು ಅದನ್ನು ಸರಿಸಿ ಹೆಸರು ಓದಬಹುದು. ಪವರ್‌ಪಾಯಿಂಟ್‌ನಲ್ಲಿ ಚಿತ್ರವನ್ನು ಕತ್ತರಿಸಿದಾಗ, ಕತ್ತರಿಸಿದ ಭಾಗಗಳನ್ನು ಅಳಿಸುವ ಆಯ್ಕೆಯನ್ನು ಪ್ರತ್ಯೇಕವಾಗಿ ಬಳಸದಿದ್ದರೆ, ಕಾಣದ ಭಾಗ ಕಡತದಲ್ಲಿಯೇ ಉಳಿದಿರುತ್ತದೆ. ಎಕ್ಸೆಲ್‌ನಿಂದ ನಕ್ಷೆಯೊಂದನ್ನು ತಂದು ಅಂಟಿಸಿದಾಗ ಅದರ ಹಿಂದಿರುವ ಇಡೀ ಕಾರ್ಯಪುಸ್ತಕ, ರೋಗಿಗಳ ಹೆಸರಿನ ಅಂಕಣ ಸಮೇತ, ಸ್ಲೈಡಿನೊಳಗೆ ಬಂದು ಕೂರುವ ಸಾಧ್ಯತೆಯಿದೆ. ನಕ್ಷೆಯನ್ನು ಚಿತ್ರವಾಗಿ ಅಂಟಿಸುವುದೇ ಇದಕ್ಕೆ ಪರಿಹಾರ.

ಡೈಕಾಮ್ ಕಡತದಲ್ಲಿ ಎರಡು ಬಗೆಯ ಮಾಹಿತಿ ಇರುತ್ತದೆ: ಕಡತದ ತಲೆಭಾಗದಲ್ಲಿ ಬರೆದದ್ದು ಮತ್ತು ಕೆಲವೊಮ್ಮೆ ಚಿತ್ರದೊಳಗೇ ಅಚ್ಚಾದದ್ದು. ಸಾಮಾನ್ಯ ಚಿತ್ರರೂಪಕ್ಕೆ ಪರಿವರ್ತಿಸಿದರೆ ಮೊದಲನೆಯದು ಹೋಗಬಹುದು, ಎರಡನೆಯದು ಹಾಗೆಯೇ ಉಳಿಯುತ್ತದೆ. ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಸ್ಥಳದ ಅಕ್ಷಾಂಶ ರೇಖಾಂಶಗಳು ಸೇರಿಕೊಂಡಿರಬಹುದು. ಕಡತದ ಹೆಸರು, ಸ್ಲೈಡಿನ ಕೆಳಗಿನ ಟಿಪ್ಪಣಿ, ಅಳತೆಪಟ್ಟಿಯ ಮೇಲೆ ಬರೆದ ಪ್ರಕರಣ ಸಂಖ್ಯೆ ಇವನ್ನೂ ಪರೀಕ್ಷಿಸಿ.

ಇಷ್ಟಾದ ಮೇಲೂ ಸಂದರ್ಭದಿಂದ ಗುರುತು ಸಿಗುವ ಅಪಾಯ ಉಳಿದಿರುತ್ತದೆ. ವಯಸ್ಸು, ಲಿಂಗ, ಸಾವಿನ ಬಗೆ, ವರ್ಷ ಇವಿಷ್ಟನ್ನು ಅಂತರಜಾಲದಲ್ಲಿ ಹುಡುಕಿದರೆ ಸುದ್ದಿ ವರದಿ ಸಿಗುತ್ತದೆಯೇ ಎಂದು ನೀವೇ ಒಮ್ಮೆ ಪ್ರಯತ್ನಿಸಿ. ಸಿಕ್ಕರೆ ನಿಖರ ವಯಸ್ಸಿನ ಬದಲು ದಶಕ, ದಿನಾಂಕದ ಬದಲು ಸಾವಿನಿಂದ ಪರೀಕ್ಷೆಯವರೆಗಿನ ಅಂತರ ಎಂದು ಬದಲಾಯಿಸಿ. ವೈಜ್ಞಾನಿಕವಾಗಿ ಅಗತ್ಯವಿಲ್ಲದ ವಿವರವನ್ನು ಕೈಬಿಡಿ, ಆದರೆ ಸುಳ್ಳು ವಿವರ ತುಂಬಬೇಡಿ. ಹಲ್ಲಿನ ಎಕ್ಸ್‌-ರೇಯೇ ವ್ಯಕ್ತಿಯನ್ನು ಗುರುತಿಸುವ ಸಾಧನ ಎಂಬುದು ನಮ್ಮ ಶಾಸ್ತ್ರದ ಬುನಾದಿ. ಹಾಗಿರುವಾಗ ಹೆಸರು ಅಳಿಸಿದ ಎಕ್ಸ್‌-ರೇಯನ್ನು ಸಂಪೂರ್ಣ ಅನಾಮಿಕವೆಂದು ನಾವೇ ವಾದಿಸುವುದು ವಿಚಿತ್ರ. ಒಪ್ಪಿಗೆ ಪತ್ರಕ್ಕೆ ಹಂತ 2ರಲ್ಲಿ ಅಷ್ಟು ಒತ್ತು ಕೊಟ್ಟದ್ದಕ್ಕೆ ಇದೂ ಒಂದು ಕಾರಣ.

ಹಂತ 8: ಸ್ಲೈಡ್ ಮತ್ತು ಪೋಸ್ಟರ್ ಕಟ್ಟುವುದು

ಹತ್ತು ನಿಮಿಷದ ಮಂಡನೆಗೆ ಹತ್ತು ಹನ್ನೆರಡು ಸ್ಲೈಡುಗಳಿಗಿಂತ ಹೆಚ್ಚು ಬೇಡ. ಮರಣಪೂರ್ವ ಮತ್ತು ಮರಣೋತ್ತರ ಚಿತ್ರಗಳನ್ನು ಒಂದೇ ಸ್ಲೈಡಿನಲ್ಲಿ, ಒಂದೇ ಅಳತೆಗೆ, ಒಂದೇ ಕೋನಕ್ಕೆ ತಂದು ಅಕ್ಕಪಕ್ಕ ಇಡಿ. ಬೇರೆ ಬೇರೆ ಸ್ಲೈಡಿನಲ್ಲಿಟ್ಟರೆ ಹೋಲಿಸುವ ಕೆಲಸ ಕೇಳುಗರ ನೆನಪಿನ ಮೇಲೆ ಬೀಳುತ್ತದೆ. ಎಕ್ಸ್‌-ರೇ ಎಡಬಲ ತಿರುಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ರೂಢಿಯಂತೆ ವ್ಯಕ್ತಿಯ ಬಲಭಾಗ ನೋಡುವವರ ಎಡಕ್ಕೆ ಬರಬೇಕು. ಬಾಣದ ಗುರುತುಗಳಿಲ್ಲದ ಚಿತ್ರವನ್ನು ಮೊದಲು ತೋರಿಸಿ, ನಂತರ ಗುರುತುಗಳನ್ನು ಮೂಡಿಸಿದರೆ, ನೋಡುವವರು ತಾವೇ ಹೋಲಿಸಿಕೊಳ್ಳಲು ಅವಕಾಶ ಸಿಗುತ್ತದೆ. ಮರಣಪೂರ್ವಕ್ಕೆ ಹಳದಿ, ಮರಣೋತ್ತರಕ್ಕೆ ಗುಲಾಬಿ ಎಂಬ ಇಂಟರ್‌ಪೋಲ್ ನಮೂನೆಗಳ ಬಣ್ಣಗಳನ್ನೇ ಚೌಕಟ್ಟಿಗೆ ಬಳಸಿದರೆ ಈ ಕ್ಷೇತ್ರದವರಿಗೆ ವಿವರಣೆಯೇ ಬೇಕಾಗುವುದಿಲ್ಲ.

ಗಾಯದ ಛಾಯಾಚಿತ್ರವಿದ್ದರೆ ಅದರಲ್ಲಿ ಅಳತೆಪಟ್ಟಿ ಕಾಣಬೇಕು. ಇದಕ್ಕೆಂದೇ ರೂಪಿಸಿದ, ಅಮೆರಿಕನ್ ಬೋರ್ಡ್ ಆಫ್ ಫೊರೆನ್ಸಿಕ್ ಒಡೊಂಟಾಲಜಿ ಮಂಡಳಿಯ ಹೆಸರಿರುವ ಎಬಿಎಫ್‌ಒ ನಂ. 2 ಎಂಬ ಮೂಲೆಮಟ್ಟದ ಆಕಾರದ ಪಟ್ಟಿ ವ್ಯಾಪಕ ಬಳಕೆಯಲ್ಲಿದೆ; ಅದರ ಮೇಲಿನ ವೃತ್ತಗಳು ಅಂಡಾಕಾರವಾಗಿ ಕಂಡರೆ ಕ್ಯಾಮೆರಾ ಓರೆಯಾಗಿತ್ತೆಂದು ಸಭಿಕರು ಕೂಡಲೇ ಗುರುತಿಸುತ್ತಾರೆ. ಅಂಥ ಚಿತ್ರದಿಂದ ತೆಗೆದ ಅಳತೆಗಳನ್ನು ಮಂಡಿಸಬೇಡಿ.

ಭೀಕರ ದೃಶ್ಯಗಳಿಗೆ ಮುನ್ಸೂಚನೆಯ ಸ್ಲೈಡ್ ಇರಲಿ. ಹಲ್ಲುಗಳಷ್ಟೇ ಸಾಕಾಗುವ ಕಡೆ ಮುಖವನ್ನು ತೋರಿಸುವ ಅಗತ್ಯ ಬಹಳ ವಿರಳ.

ಪೋಸ್ಟರ್‌ಗೆ ಸಾಮಾನ್ಯವಾಗಿ ಎ0 ಗಾತ್ರ, ಅಂದರೆ 841 × 1189 ಮಿಲಿಮೀಟರ್ ಕೇಳುತ್ತಾರೆ. ಉದ್ದುದ್ದವೋ ಅಡ್ಡವೋ ಎಂಬುದನ್ನು ಸೂಚನಾಪತ್ರದಲ್ಲಿ ನೋಡಿಯೇ ಕೆಲಸ ಆರಂಭಿಸಿ. ಮುದ್ರಣಕ್ಕೆ ಮುನ್ನ ಎ4 ಹಾಳೆಯಲ್ಲಿ ಒಮ್ಮೆ ಅಚ್ಚು ಹಾಕಿ ಕೈಯಳತೆಯಲ್ಲಿ ಹಿಡಿದು ಓದಿ. ಅದರಲ್ಲಿ ಓದಲಾಗದ ಅಕ್ಷರ, ನಿಂತು ನೋಡುವವರಿಗೆ ದೊಡ್ಡ ಪೋಸ್ಟರ್‌ನಲ್ಲೂ ಕಷ್ಟವಾಗುತ್ತದೆ.

ಹಂತ 9: ಅಭ್ಯಾಸ ಮತ್ತು ಪ್ರಶ್ನೋತ್ತರ

ಗಡಿಯಾರವಿಟ್ಟು, ನಿಂತು, ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಓದಿಕೊಂಡರೆ ಸಮಯದ ಲೆಕ್ಕ ತಪ್ಪುತ್ತದೆ. ನಿಗದಿತ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಮುಗಿಯುವಂತಿರಲಿ. ಗೋಷ್ಠಿಯ ಅಧ್ಯಕ್ಷರು ಗಂಟೆ ಬಾರಿಸಿದಾಗ ಬಿಟ್ಟುಹೋಗುವುದು ಯಾವಾಗಲೂ ಕೊನೆಯ ಸ್ಲೈಡುಗಳು, ಅಂದರೆ ನಿಮ್ಮ ಫಲಿತಾಂಶ ಮತ್ತು ಮಿತಿಗಳು.

ಬರಬಹುದಾದ ಪ್ರಶ್ನೆಗಳನ್ನು ಬರೆದುಕೊಳ್ಳಿ. ನಿಜವಾದ ವಯಸ್ಸಿಗೆ ಆಧಾರವೇನು? ಪರೀಕ್ಷಕರಿಗೆ ಪ್ರಕರಣದ ಹಿನ್ನೆಲೆ ತಿಳಿದಿತ್ತೇ? ಹೊಂದದ ಅಂಶಗಳು ಯಾವುವು? ಬೇರೆ ವಿಧಾನದಿಂದ ಗುರುತು ದೃಢಪಟ್ಟಿತೇ? ಒಪ್ಪಿಗೆ ಯಾರಿಂದ ಪಡೆದಿರಿ? ಪ್ರತಿಯೊಂದಕ್ಕೂ ಎರಡು ವಾಕ್ಯದ ಉತ್ತರವನ್ನೂ, ಅಗತ್ಯವಿದ್ದರೆ ಕೊನೆಯಲ್ಲಿ ಒಂದು ಹೆಚ್ಚುವರಿ ಸ್ಲೈಡನ್ನೂ ಸಿದ್ಧವಾಗಿಡಿ.

ಬೇರೆ ವೈದ್ಯಕೀಯ ಸಮ್ಮೇಳನಗಳಿಗಿಲ್ಲದ ಒಂದು ಭಾರ ಇಲ್ಲಿದೆ. ವೇದಿಕೆಯ ಮೇಲೆ ನೀವು ಹೇಳಿದ ಮಾತನ್ನೂ ಅಚ್ಚಾದ ಸಾರಾಂಶವನ್ನೂ ಮುಂದೊಂದು ದಿನ ವಕೀಲರು ಪಾಟೀಸವಾಲಿನಲ್ಲಿ ನಿಮ್ಮ ಮುಂದೆಯೇ ಹಿಡಿಯಬಹುದು. ಆದ್ದರಿಂದ ಉತ್ಸಾಹದಲ್ಲಿ ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಉತ್ತರಿಸಬೇಡಿ. ಗೊತ್ತಿಲ್ಲದ್ದಕ್ಕೆ “ಈ ಅಧ್ಯಯನದಲ್ಲಿ ಅದನ್ನು ಅಳೆದಿಲ್ಲ” ಎಂಬುದು ಪೂರ್ಣವಾದ ಉತ್ತರ. ಪ್ರಕರಣದ ಬಗ್ಗೆ ಇನ್ನಷ್ಟು ವಿವರ ಕೆದಕುವ ಪ್ರಶ್ನೆ ಬಂದರೆ, ಅನುಮತಿಯ ವ್ಯಾಪ್ತಿ ಇಷ್ಟೇ ಎಂದು ತಿಳಿಸಿ ನಿಲ್ಲಿಸಿ. ಊಟದ ಬಿಡುವಿನಲ್ಲಿ ಕೇಳುವವರಿಗೂ ಅದೇ ಉತ್ತರ.

ಹಂತ 10: ಮಂಡನೆಯ ದಿನ ಮತ್ತು ಅದರ ನಂತರ

ಕಡತವನ್ನು ಎರಡು ರೂಪದಲ್ಲಿ, ಒಂದು ಪಿಡಿಎಫ್ ಸೇರಿದಂತೆ, ಗೂಢಲಿಪಿಯಿಂದ ರಕ್ಷಿಸಿದ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಸಭಾಂಗಣದ ಯಂತ್ರದಲ್ಲಿ ಎಕ್ಸ್‌-ರೇಗಳು ಹೇಗೆ ಕಾಣುತ್ತವೆ ಎಂದು ಗೋಷ್ಠಿಗೆ ಮೊದಲೇ ಪರದೆಯ ಮೇಲೆ ನೋಡಿ. ನಿಮ್ಮ ಪರದೆಯಲ್ಲಿ ಸ್ಪಷ್ಟವಿದ್ದ ಬೂದುಬಣ್ಣದ ಸೂಕ್ಷ್ಮ ವ್ಯತ್ಯಾಸ ಬೆಳಕಿರುವ ಕೋಣೆಯಲ್ಲಿ ಕಾಣದೇ ಹೋಗಬಹುದು. ಅಗತ್ಯಬಿದ್ದರೆ ಮುಂದಿನ ಸಾಲಿನ ದೀಪಗಳನ್ನು ಆರಿಸಲು ಕೇಳಿಕೊಳ್ಳಿ. ಚಿತ್ರೀಕರಣ ನಡೆಯುತ್ತಿದೆಯೇ ಎಂದು ವಿಚಾರಿಸಿ. ಒಪ್ಪಿಗೆ ಪತ್ರದಲ್ಲಿ ಸಭೆಯಲ್ಲಿ ತೋರಿಸಲು ಮಾತ್ರ ಅನುಮತಿಯಿದ್ದರೆ, ಚಿತ್ರೀಕರಣ ಬೇಡವೆಂದು ಲಿಖಿತವಾಗಿ ತಿಳಿಸಿ, ಮೊಬೈಲಿನಲ್ಲಿ ಫೋಟೊ ತೆಗೆಯಬಾರದೆಂಬ ಸೂಚನೆಯನ್ನು ಮೊದಲ ಸ್ಲೈಡಿನಲ್ಲೇ ಹಾಕಿ.

ಮಂಡನೆ ಮುಗಿದ ಕೂಡಲೇ ಸಭಾಂಗಣದ ಕಂಪ್ಯೂಟರಿನಿಂದ ನಿಮ್ಮ ಕಡತವನ್ನು ಅಳಿಸಿ, ಅಳಿಸಿದ ಕಡತಗಳ ಬುಟ್ಟಿಯನ್ನೂ ಖಾಲಿ ಮಾಡಿಸಿ. ಪೋಸ್ಟರನ್ನು ಗೋಡೆಯಲ್ಲೇ ಬಿಟ್ಟು ಬರಬೇಡಿ. ಸಭೆಯಲ್ಲಿ ಬಂದ ಆಕ್ಷೇಪಗಳನ್ನು ಅದೇ ಸಂಜೆ ಬರೆದಿಡಿ, ಏಕೆಂದರೆ ಪೂರ್ಣ ಪ್ರಬಂಧವನ್ನು ಪತ್ರಿಕೆಗೆ ಕಳುಹಿಸಿದಾಗ ಪರಿಶೀಲಕರು ಎತ್ತುವುದೂ ಬಹುಪಾಲು ಅವೇ. ಸಾರಾಂಶ ರೂಪದ ಪ್ರಕಟಣೆಯನ್ನು ಹೆಚ್ಚಿನ ಪತ್ರಿಕೆಗಳು ಪೂರ್ವಪ್ರಕಟಣೆಯೆಂದು ಪರಿಗಣಿಸುವುದಿಲ್ಲ. ಆದರೂ ಎಲ್ಲಿ, ಯಾವಾಗ ಮಂಡಿಸಲಾಗಿತ್ತೆಂದು ಮುಖಪತ್ರದಲ್ಲಿ ತಿಳಿಸಬೇಕು. ಅಚ್ಚಾದ ಸಾರಾಂಶದಲ್ಲಿ ಅಂಕಿಯ ತಪ್ಪು ನಂತರ ಕಂಡುಬಂದರೆ ಆಯೋಜಕರಿಗೆ ತಿದ್ದುಪಡಿ ಕಳುಹಿಸಿ, ಅದರ ಪ್ರತಿಯನ್ನು ಅನುಮತಿ ಪತ್ರಗಳ ಕಡತದಲ್ಲೇ ಸೇರಿಸಿಡಿ.